ಕಣ್ಣು ಕೊಟ್ಟವರು, ಕಣ್ಣಾದವರು

ನಮ್ಮ ರಾಜೇಶ್ವರ ಹೈದರಾಬಾದ್–ಸೋಲಾಪುರ ಹೆದ್ದಾರಿ ಮೇಲಿನ ಊರು. ಒಂದು ಕಡೆ ಹುಮನಾಬಾದ, ಇನ್ನೊಂದು ಕಡೆ ಬಸವಕಲ್ಯಾಣದ ದಾರಿ. ಸುದ್ದಿಗಾಗಿ ಓಡಾಡುವ ನನಗೆ ಈ ರಸ್ತೆ ಬದಿ ಬಸ್ಸಿಗೆ ಕಾಯುವುದು ದಿನದ ಕೆಲಸ. ಹಾಗೆ ನಿಂತಾಗ ಒಂದು ನೋಟ ಮತ್ತೆ ಮತ್ತೆ ಕಾಣುತ್ತದೆ. ವಯಸ್ಸಾದ ಗಂಡ ಹೆಂಡತಿ ರಸ್ತೆ ದಾಟಲು ನಿಂತಿರುತ್ತಾರೆ. ಒಬ್ಬರ ಕೈ ಇನ್ನೊಬ್ಬರ ಹೆಗಲ ಮೇಲೆ. ಹೆಗಲು ಕೊಟ್ಟವರು ಎರಡೂ ಕಡೆ ನೋಡುತ್ತಾರೆ. ಹೆಗಲು ಹಿಡಿದವರು ಲಾರಿಗಳ ಸದ್ದು ಕೇಳುತ್ತ ನಿಂತಿರುತ್ತಾರೆ. "ಈಗ ನಡೀರಿ" ಅಂದ ಕೂಡಲೆ ಇಬ್ಬರೂ ಒಟ್ಟಿಗೆ ಹೆಜ್ಜೆ ಇಡುತ್ತಾರೆ.

ಅದನ್ನು ನೋಡಿದಾಗೆಲ್ಲ ನನಗೆ ನಮ್ಮ ಮುತ್ಯಾ, ನಮ್ಮ ಆಯಿ ನೆನಪಾಗುತ್ತಾರೆ. ಮೊದಲು ಮುತ್ಯಾಗೆ ಆಯಿ ಕಣ್ಣಾದಳು. ಆಮೇಲೆ ಆಯಿಗೆ ಮುತ್ಯಾ ಕಣ್ಣಾದ. ಇಬ್ಬರೂ ಈಗಿಲ್ಲ.

ನಮ್ಮ ನಾಡಿನ ಕಣ್ಣಿನ ಚಿಕಿತ್ಸೆಗೆ ದೊಡ್ಡ ಚರಿತ್ರೆ ಇದೆ. ಅದರಲ್ಲಿ ಡಾಕ್ಟರುಗಳ ಹೆಸರಿದೆ, ಆಸ್ಪತ್ರೆಗಳ ಹೆಸರಿದೆ, ಆಪರೇಷನ್ನುಗಳ ಲೆಕ್ಕ ಇದೆ. ಆಪರೇಷನ್ನಿಗೆ ಕೈ ಹಿಡಿದು ಕರೆದುಕೊಂಡು ಹೋದವರು, ಪಕ್ಕದಲ್ಲಿ ನಿದ್ದೆಗೆಟ್ಟು ಕೂತವರು, ಮನೆಗೆ ಬಂದ ಮೇಲೆ ದಿನಾ ನಾಲ್ಕು ಹೊತ್ತು ಹನಿ ಹಾಕಿದವರು ಯಾರು ಎಂಬುದು ಎಲ್ಲೂ ಬರೆದಿಲ್ಲ. ಹೆಚ್ಚಿನ ಮನೆಗಳಲ್ಲಿ ಅವರು ಹೆಂಡತಿಯರು, ಕೆಲವು ಮನೆಗಳಲ್ಲಿ ಗಂಡಂದಿರು. ಚಿಕಿತ್ಸೆ ಬದಲಾದಂತೆ ಇವರ ಕೆಲಸವೂ ಬದಲಾಗಿದೆ. ಆ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಚಾಳೀಸು, ಚಸ್ಮಾ, ಮೋತಿಬಿಂದು

ಮೊದಲು ನಮ್ಮ ಮಾತಿನಿಂದಲೇ ಶುರು ಮಾಡೋಣ. ನಮ್ಮ ಕಡೆ ಕನ್ನಡ, ಉರ್ದು, ಮರಾಠಿ ಮೂರೂ ಒಂದೇ ಕಟ್ಟೆ ಮೇಲೆ ಕೂತು ಮಾತಾಡುತ್ತವೆ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. ಕಣ್ಣಿನ ಮಾತುಗಳಲ್ಲಿ ಆ ಗುರುತು ಉಳಿದಿದೆ. ಬೆಂಗಳೂರಿನವರು ಕನ್ನಡಕ ಅಂದರೆ ನಾವು ಚಸ್ಮಾ ಅನ್ನುತ್ತೇವೆ. ಅವರು ಪೊರೆ ಅಂದರೆ ನಮ್ಮಲ್ಲಿ ಮೋತಿಬಿಂದು. ಕಣ್ಣೊಳಗೆ ಒತ್ತಡ ಹೆಚ್ಚಾಗಿ ನರ ಸಾಯುವ ಕಾಯಿಲೆಗೆ ಕಾಚಬಿಂದು. ಗ್ಲಾಕೋಮಾ ಅಂತ ಡಾಕ್ಟರು ಬರೆಯುವುದು ಇದನ್ನೇ.

ಇನ್ನೊಂದು ಮಾತು ಚಾಳೀಸು. ಹತ್ತಿರದ ಅಕ್ಷರ ಮಸುಕಾದರೆ "ಚಾಳೀಸು ಬಂತು" ಅನ್ನುತ್ತೇವೆ. ಚಾಲೀಸ್ ಅಂದರೆ ನಲವತ್ತು. ನಲವತ್ತರ ಸುತ್ತ ಕಣ್ಣೊಳಗಿನ ಮಸೂರ ಗಟ್ಟಿಯಾಗಿ, ಹತ್ತಿರದ್ದು ದೂರದ್ದು ಎರಡಕ್ಕೂ ಹೊಂದಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಸೂಜಿಗೆ ದಾರ ಪೋಣಿಸುವಾಗ ಕೈ ದೂರ ಹೋಗುತ್ತದೆ. ಇದು ರೋಗವಲ್ಲ, ವಯಸ್ಸು.

ಕನ್ನಡಕ ಹದಿಮೂರನೇ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಹುಟ್ಟಿತು. ನಮ್ಮ ನಾಡಿಗೆ ಅದು ಬಂದದ್ದು ನಾವು ಅಂದುಕೊಂಡದ್ದಕ್ಕಿಂತ ಹಿಂದೆ. ವಿಜಯನಗರದ ಅರಸರ ಕಾಲದಲ್ಲಿದ್ದ ವ್ಯಾಸರಾಯರ ಬದುಕಿನ ಬಗ್ಗೆ ಸೋಮನಾಥ ಕವಿ ಸಂಸ್ಕೃತದಲ್ಲಿ 'ವ್ಯಾಸಯೋಗಿಚರಿತ' ಬರೆದಿದ್ದಾನೆ. ಅದರಲ್ಲಿ ವ್ಯಾಸರಾಯರು ಕನ್ನಡಕ ಇಟ್ಟುಕೊಂಡು ಗ್ರಂಥ ಓದುವ ಮಾತು ಬರುತ್ತದೆ. ಭಾರತದಲ್ಲಿ ಕನ್ನಡಕದ ಬಗ್ಗೆ ಸಿಗುವ ಬಹಳ ಹಳೆಯ ಉಲ್ಲೇಖಗಳಲ್ಲಿ ಇದೂ ಒಂದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಂದರೆ ಸುಮಾರು 500 ವರ್ಷದ ಮಾತು.

ಆದರೆ ಅದು ರಾಜಗುರುವಿನ ಮೂಗಿನ ಮೇಲಿನ ಕನ್ನಡಕ. ಹೊಲದಲ್ಲಿ ಕಳೆ ತೆಗೆಯುವ ಮುದುಕಿಯ ಹತ್ತಿರ ಬರಲು ಅದಕ್ಕೆ ಇನ್ನೂ ನೂರಾರು ವರ್ಷ ಬೇಕಾಯಿತು.

ಸೂಜಿಯ ಕಾಲ

ಮೋತಿಬಿಂದಿಗೆ ಶಸ್ತ್ರಚಿಕಿತ್ಸೆ ಮಾಡುವುದು ನಮ್ಮ ದೇಶಕ್ಕೆ ಹೊಸದಲ್ಲ. 'ಸುಶ್ರುತ ಸಂಹಿತೆ'ಯಲ್ಲೇ ಅದರ ಕ್ರಮ ಇದೆ. ಕಣ್ಣಿನ ಬಿಳಿಯ ಭಾಗದಿಂದ ಸೂಜಿಯಂಥ ಸಲಾಕೆ ತೂರಿಸಿ, ಮಂಜಾದ ಮಸೂರವನ್ನು ದೃಷ್ಟಿಯ ದಾರಿಯಿಂದ ಪಕ್ಕಕ್ಕೆ ಸರಿಸುವುದು. ಮಸೂರ ಕಣ್ಣೊಳಗೇ ಉಳಿಯುತ್ತದೆ, ಪರದೆ ಸರಿದಂತೆ ಬೆಳಕು ಒಳಗೆ ಬರುತ್ತದೆ.

ಆಮೇಲಿನ ಆರೈಕೆಯ ಮಾತೂ ಅಲ್ಲಿದೆ. ಕಣ್ಣಿಗೆ ತುಪ್ಪ ಹಚ್ಚಿ ಪಟ್ಟಿ ಕಟ್ಟಬೇಕು, ರೋಗಿ ಅಂಗಾತ ಮಲಗಬೇಕು, ಕೆಮ್ಮಬಾರದು, ಸೀನಬಾರದು, ತೇಗಬಾರದು, ಉಗುಳಬಾರದು. ಓದಿದರೆ ಒಂದು ಪ್ರಶ್ನೆ ಬರುತ್ತದೆ. ಅಲ್ಲಾಡದೆ ಮಲಗಿದ ಮನುಷ್ಯನಿಗೆ ನೀರು ಕುಡಿಸುವವರು ಯಾರು? ಹೊರಕಡೆಗೆ ಕರೆದುಕೊಂಡು ಹೋಗುವವರು ಯಾರು? ವೈದ್ಯ ಹೇಳಿ ಹೋಗುತ್ತಾನೆ. ಮಾಡುವವರು ಮನೆಯವರು.

ಈ ಸೂಜಿಯ ವಿದ್ಯೆ ಊರೂರು ತಿರುಗುವವರ ಕೈಯಲ್ಲಿ ಇಪ್ಪತ್ತನೇ ಶತಮಾನದವರೆಗೂ ಉಳಿಯಿತು. ಅವರು ಸಂತೆಗೆ ಬರುತ್ತಿದ್ದರು, ಒಂದು ಗಳಿಗೆಯಲ್ಲಿ ಕಣ್ಣು ಬಿಡಿಸುತ್ತಿದ್ದರು, ಮುಂದಿನ ಊರಿಗೆ ಹೋಗುತ್ತಿದ್ದರು. ಮೊದಲ ದಿನ ಕಂಡದ್ದು ಎಷ್ಟೋ ಜನರಿಗೆ ಕೆಲವೇ ದಿನದಲ್ಲಿ ಕೀವಾಗಿ ಹೋಗುತ್ತಿತ್ತು. ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಎಂಬ ಡಾಕ್ಟರು ಹೀಗೆ ಹಾಳಾದ ಕಣ್ಣುಗಳನ್ನು ಪರೀಕ್ಷೆ ಮಾಡಿ ಒಂದು ಪುಸ್ತಕವನ್ನೇ ಬರೆದರು. ವೈದ್ಯ ಹೋದ ಮೇಲೆ ಆ ಕಣ್ಣಿನ ಜೊತೆ ಬದುಕುವುದು ಮನೆಯವರ ಪಾಲಿಗೆ ಬರುತ್ತಿತ್ತು.

ಅಷ್ಟರಲ್ಲಿ ಹೊಸ ದಾರಿ ಬಂದಿತ್ತು. ಮಸೂರವನ್ನು ಸರಿಸುವ ಬದಲು ಹೊರಗೆ ತೆಗೆಯುವುದನ್ನು ಫ್ರಾನ್ಸಿನ ಜಾಕ್ ದವಿಯೆಲ್ 1747ರಲ್ಲಿ ಮಾಡಿ ತೋರಿಸಿದ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕಣ್ಣಿಗೆ ಹನಿ ಹಾಕಿ ಮರಗಟ್ಟಿಸುವ ವಿಧಾನ ಕಂಡುಹಿಡಿದ. ಅದಕ್ಕೆ ಮೊದಲು ಕಣ್ಣಿನ ಆಪರೇಷನ್ ಅಂದರೆ ಎಚ್ಚರವಿದ್ದೇ ನೋವು ತಿನ್ನುವುದು, ಯಾರಾದರೂ ತಲೆ ಒತ್ತಿ ಹಿಡಿಯುವುದು. ಮದ್ರಾಸಿನಲ್ಲಿ 1819ರಲ್ಲೇ ಕಣ್ಣಾಸ್ಪತ್ರೆ ಶುರುವಾಗಿತ್ತು. ಬೆಂಗಳೂರಿನ ಮಿಂಟೊ ಆಸ್ಪತ್ರೆಯ ಮೂಲ 1896ರದ್ದು. ಆದರೆ ಬೀದರಿನ ಹಳ್ಳಿಯಿಂದ ಬೆಂಗಳೂರು ಇವತ್ತಿಗೂ ಒಂದು ರಾತ್ರಿಯ ದಾರಿ. ಕಣ್ಣು ಕಾಣದ ಮನುಷ್ಯನಿಗೆ ಅಂದು ಅದು ಬೇರೆ ದೇಶ.

ಬೀಳಗಿಯ ಡಾಕ್ಟರು

ರೋಗಿ ಆಸ್ಪತ್ರೆಗೆ ಬರಲಾರ, ಹಾಗಾದರೆ ಆಸ್ಪತ್ರೆಯೇ ರೋಗಿಯ ಹತ್ತಿರ ಹೋಗಬೇಕು. ಈ ಮಾತನ್ನು ಬದುಕಾಗಿ ಮಾಡಿಕೊಂಡವರು ಡಾ. ಎಂ. ಸಿ. ಮೋದಿ. ಪೂರ್ತಿ ಹೆಸರು ಮುರಿಗೆಪ್ಪ ಚನ್ನವೀರಪ್ಪ ಮೋದಿ. ಊರು ಬೀಳಗಿ, ಅಂದು ವಿಜಾಪುರ ಜಿಲ್ಲೆ, ಇಂದು ಬಾಗಲಕೋಟೆ. ಜನ ಅವರನ್ನು ಕಣ್ಣು ಕೊಟ್ಟ ಅಣ್ಣ ಅಂತಲೇ ಕರೆದರು.

1943ರಿಂದ ಅವರು ಊರೂರಿಗೆ ಹೋಗಿ ಉಚಿತ ಕಣ್ಣಿನ ಶಿಬಿರ ಮಾಡಿದರು. ಒಂದರ ಪಕ್ಕ ಒಂದು ಟೇಬಲ್ಲು. ಒಬ್ಬರ ಆಪರೇಷನ್ ಮುಗಿಯುವಷ್ಟರಲ್ಲಿ ಮುಂದಿನವರು ತಯಾರು. ಗಿನ್ನೆಸ್ ದಾಖಲೆ ಪುಸ್ತಕ ಅವರ ಲೆಕ್ಕವನ್ನು ಹೀಗೆ ಕೊಟ್ಟಿದೆ: ಒಂದೇ ದಿನದಲ್ಲಿ 833 ಮೋತಿಬಿಂದು ಆಪರೇಷನ್, 1993ರ ಫೆಬ್ರವರಿವರೆಗೆ 46,120 ಹಳ್ಳಿಗಳ ಭೇಟಿ, 1,21,18,630 ಜನರ ತಪಾಸಣೆ, 6,10,564 ಆಪರೇಷನ್. ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. 2005ರಲ್ಲಿ ತೀರಿಕೊಂಡರು.

ಈ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಿ. ಆರು ಲಕ್ಷ ಆಪರೇಷನ್ ಅಂದರೆ ಆರು ಲಕ್ಷ ಸಲ ಒಬ್ಬರು ಇನ್ನೊಬ್ಬರನ್ನು ಕೈ ಹಿಡಿದು ಕರೆದುಕೊಂಡು ಬಂದಿದ್ದಾರೆ. ಕಣ್ಣು ಕಾಣದವರು ಒಬ್ಬರೇ ಶಿಬಿರಕ್ಕೆ ಬರಲಾರರು. ಅಂದಿನ ಶಿಬಿರಗಳು ಶಾಲೆಯಲ್ಲಿ, ಮಠದಲ್ಲಿ, ಛತ್ರದಲ್ಲಿ ನಡೆಯುತ್ತಿದ್ದವು. ಅಕ್ಕಿ ಬೇಳೆ ಊರಿನ ದಾನಿಗಳದ್ದು, ಡಾಕ್ಟರ ಕೈಗುಣ ಡಾಕ್ಟರದ್ದು, ರಾತ್ರಿಯ ನರ್ಸಿನ ಕೆಲಸ ಜೊತೆಗೆ ಬಂದವರದ್ದು.

ಏಳು ದಿನ

ನಮ್ಮ ಮುತ್ಯಾನ ಆಪರೇಷನ್ ಆದದ್ದು ಇಂಥದೇ ಒಂದು ಶಿಬಿರದಲ್ಲಿ, ನಾನು ಹುಟ್ಟುವ ಮೊದಲು, 1980ರ ದಶಕದಲ್ಲಿ. ಆ ಕಥೆಯನ್ನು ಆಯಿ ನೂರು ಸಲ ಹೇಳಿದ್ದಾಳೆ.

ಮಸೂರವನ್ನು ಪೂರ್ತಿ ಹೊರತೆಗೆಯುವ ಆಪರೇಷನ್ ಅದು. ಗಾಯ ದೊಡ್ಡದು. ತಲೆ ಅಲ್ಲಾಡಿದರೆ ಗಾಯ ಬಿಚ್ಚುವ ಭಯ. ಅದಕ್ಕೇ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಅಂಗಾತ ಮಲಗಿಸುತ್ತಿದ್ದರು. ಶಾಲೆಯ ಕೋಣೆಯಲ್ಲಿ ಸಾಲಾಗಿ ಹಾಸಿಗೆ, ಪ್ರತಿ ಹಾಸಿಗೆಯ ಪಕ್ಕ ಒಬ್ಬರು ಕೂತವರು. ಆಯಿ ಜೋಳದ ಕಟಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದಳು. ಅಗಿದರೆ ದವಡೆ ಅಲ್ಲಾಡುತ್ತದೆ ಅಂತ ಮುತ್ಯಾಗೆ ಗಂಜಿ ಮಾತ್ರ. ರೊಟ್ಟಿಯೆಲ್ಲ ಅವಳೇ ತಿಂದಳಂತೆ.

ರಾತ್ರಿ ನಿದ್ದೆಗಣ್ಣಲ್ಲಿ ಮುತ್ಯಾ ಕೈ ಪಟ್ಟಿಗೆ ಹೋಗುತ್ತಿತ್ತು. ಆಯಿ ತನ್ನ ಸೆರಗಿನ ತುದಿಯನ್ನು ಅವನ ಮುಂಗೈಗೆ ಗಂಟು ಹಾಕಿಕೊಂಡಳು. ಕೈ ಎದ್ದರೆ ಸೆರಗು ಜಗ್ಗಿ ಇವಳಿಗೆ ಎಚ್ಚರ. "ಏಳು ದಿನ ಅವರು ಕತ್ತಲಾಗ ಇದ್ರು, ನಾ ಎಚ್ಚರದಾಗ ಇದ್ದೆ" ಅನ್ನುತ್ತಿದ್ದಳು. ಏಳನೇ ದಿನ ಪಟ್ಟಿ ಬಿಚ್ಚಿದಾಗ ಮುತ್ಯಾ ಮೊದಲು ನೋಡಿದ್ದು ಆಯಿಯ ಮುಖವನ್ನಲ್ಲ, ಕಿಟಕಿಯನ್ನು. ಆ ಸಿಟ್ಟು ಅವಳಿಗೆ ಕೊನೆತನಕ ಇತ್ತು. ಹೇಳಿ ಹೇಳಿ ನಗುತ್ತಿದ್ದಳು.

ದಪ್ಪ ಗಾಜು

ಆಪರೇಷನ್ ಆದ ಮೇಲೆ ಕಥೆ ಮುಗಿಯುತ್ತಿರಲಿಲ್ಲ. ಮಸೂರವೇ ಇಲ್ಲದ ಕಣ್ಣಿಗೆ ಹೊರಗಿನಿಂದ ದಪ್ಪ ಗಾಜು ಬೇಕು. ನನ್ನ ವಯಸ್ಸಿನವರು ಚಿಕ್ಕವರಿದ್ದಾಗ ಪ್ರತಿ ಓಣಿಯಲ್ಲಿ ಅಂಥ ಒಂದು ಸೋಡಾ ಗಾಜಿನ ಚಸ್ಮಾ ಇತ್ತು. ಹಿಂದಿನ ಕಣ್ಣು ಆಡಿನ ಕಣ್ಣಿನ ಹಾಗೆ ದೊಡ್ಡದಾಗಿ ಕಾಣುತ್ತಿತ್ತು. ನಾವು ಹುಡುಗರು ನಗುತ್ತಿದ್ದೆವು.

ಆ ಗಾಜಿನ ಹಿಂದಿನಿಂದ ಲೋಕ ಹೇಗೆ ಕಾಣುತ್ತದೆ ಅಂತ ನನಗೆ ತಿಳಿದದ್ದು ಬಹಳ ತಡವಾಗಿ. ಎಲ್ಲವೂ ಇದ್ದದ್ದಕ್ಕಿಂತ ಕಾಲು ಪಾಲು ದೊಡ್ಡದು. ಆದ್ದರಿಂದ ಎಲ್ಲವೂ ಇದ್ದದ್ದಕ್ಕಿಂತ ಹತ್ತಿರ. ಚಾ ಕಪ್ಪಿಗೆ ಕೈ ಚಾಚಿದರೆ ಕೈ ಮೊದಲೇ ನಿಲ್ಲುತ್ತದೆ. ಮೆಟ್ಟಿಲು ಇನ್ನೂ ಕೆಳಗಿರುತ್ತದೆ. ಗಾಜಿನ ಸುತ್ತ ಒಂದು ಬಳೆಯಷ್ಟು ಜಾಗದಲ್ಲಿ ಏನೂ ಕಾಣುವುದಿಲ್ಲ, ಪಕ್ಕದಿಂದ ಬರುವ ಸೈಕಲ್ಲು ಒಮ್ಮೆಲೆ ಎದುರಿಗೆ ಎದ್ದು ನಿಂತಂತೆ ಕಾಣುತ್ತದೆ. ಚಸ್ಮಾ ಒಡೆದರೆ ಮುಗಿಯಿತು, ಹೊಸದು ಬರುವವರೆಗೆ ಮತ್ತೆ ಕುರುಡು.

ಮುತ್ಯಾ ಹೊಸ್ತಿಲಲ್ಲಿ ಎಡವುತ್ತಿದ್ದ. ನೀರು ಸುರಿದರೆ ಚೊಂಬಿನ ಹೊರಗೆ ಹೋಗುತ್ತಿತ್ತು. ಮನೆಯವರು "ಕಣ್ಣು ಬಂದಾವಲ್ಲ, ಇನ್ನೇನು" ಅನ್ನುತ್ತಿದ್ದರು. ಆಯಿ ಮಾತ್ರ ಏನೂ ಅನ್ನದೆ ಮೂರು ಕೆಲಸ ಮಾಡಿದಳು. ಚಸ್ಮಾಕ್ಕೆ ಕರಿ ದಾರ ಕಟ್ಟಿ ಕೊರಳಿಗೆ ಹಾಕಿದಳು. ಹೊಸ್ತಿಲ ಅಂಚಿಗೆ ದಪ್ಪಗೆ ಸುಣ್ಣ ಬಳಿದಳು. ಮನೆಯ ಯಾವ ಸಾಮಾನನ್ನೂ ಜಾಗ ಬದಲಿಸಲು ಬಿಡಲಿಲ್ಲ. ಸೊಸೆಯಂದಿರು ಕೊಡ ಸರಿಸಿದರೆ ಬೈಗುಳ ಗ್ಯಾರಂಟಿ. ಕಣ್ಣು ಮಂಜಾದವರ ಮನೆಯಲ್ಲಿ ಬೆಳಕು, ಬಣ್ಣ, ಜಾಗ ಈ ಮೂರನ್ನು ಸರಿ ಮಾಡಿ ಎಂದು ಇಂದಿನ ತಜ್ಞರೂ ಹೇಳುತ್ತಾರೆ. ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಕಣ್ಣೊಳಗಿನ ಗಾಜು

ದಪ್ಪ ಚಸ್ಮಾದ ಕಾಲ ಮುಗಿಸಿದ್ದು ಒಂದು ಸಣ್ಣ ಪ್ಲಾಸ್ಟಿಕ್ ಚೂರು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಕಿಟಕಿ ಒಡೆದು ಪೈಲಟ್‌ಗಳ ಕಣ್ಣಿಗೆ ಚೂರು ಹೊಕ್ಕಿದ್ದವು. ಆ ಚೂರು ಕಣ್ಣೊಳಗಿದ್ದರೂ ಕಣ್ಣು ಕೆರಳುತ್ತಿರಲಿಲ್ಲ. ಇದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ ಎಂಬ ಡಾಕ್ಟರು ಅಂಥದೇ ವಸ್ತುವಿನಿಂದ ಮಸೂರ ಮಾಡಿಸಿ, 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಬ್ಬ ರೋಗಿಯ ಕಣ್ಣೊಳಗೆ ಕೂರಿಸಿದರು. ನಮ್ಮ ಕಡೆ "ಕಣ್ಣಾಗ ಲೆನ್ಸ್ ಹಾಕ್ಯಾರ" ಅನ್ನುವುದು ಇದನ್ನೇ.

ಆದರೆ ಲಂಡನ್ನಿನ ಲೆನ್ಸು ರಾಜೇಶ್ವರಕ್ಕೆ ಬರಲು 40 ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಹೊರದೇಶದ ಲೆನ್ಸಿನ ಬೆಲೆ ಬಡವರ ಕೈಗೆ ಎಟುಕುತ್ತಿರಲಿಲ್ಲ. ಬಡವರಿಗೆ ದಪ್ಪ ಚಸ್ಮಾ, ಉಳ್ಳವರಿಗೆ ಒಳಗಿನ ಲೆನ್ಸು ಎಂಬಂತಿತ್ತು. ಮಧುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ 1976ರಲ್ಲಿ 11 ಹಾಸಿಗೆಯ ಅರವಿಂದ ಕಣ್ಣಾಸ್ಪತ್ರೆ ಶುರು ಮಾಡಿದರು. ಕೀಲುವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು, ಆ ಬೆರಳಲ್ಲೇ ಆಪರೇಷನ್ ಮಾಡುತ್ತಿದ್ದರು. ಆ ಸಂಸ್ಥೆ 1992ರಲ್ಲಿ ಅರೋಲ್ಯಾಬ್ ಎಂಬ ಕಾರ್ಖಾನೆ ತೆರೆದು ಲೆನ್ಸುಗಳನ್ನು ಇಲ್ಲೇ ಅಗ್ಗವಾಗಿ ಮಾಡತೊಡಗಿತು. ಅದೇ 1976ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಶುರುವಾಗಿತ್ತು. ನಿಧಾನವಾಗಿ ಶಾಲೆ ಕೋಣೆಯ ಆಪರೇಷನ್ ನಿಂತಿತು. ಈಗ ಹಳ್ಳಿಯಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಆಪರೇಷನ್.

ಇದರಿಂದ ಮನೆಯವರ ಕೆಲಸವೂ ಬದಲಾಯಿತು. ಈಗ ಏಳು ದಿನ ಸೆರಗು ಕಟ್ಟಿಕೊಂಡು ಕೂಡುವುದು ಬೇಡ. ಬೆಳಿಗ್ಗೆ ಹೋದರೆ ಎಷ್ಟೋ ಸಲ ಸಂಜೆಗೆ ಅಥವಾ ಮರುದಿನ ಮನೆಗೆ ಬರಬಹುದು. ಆದರೆ ಆಸ್ಪತ್ರೆಯ ಆರೈಕೆ ಕಡಿಮೆಯಾದಷ್ಟು ಮನೆಯ ಆರೈಕೆ ಹೆಚ್ಚಾಯಿತು. ನಾಲ್ಕರಿಂದ ಆರು ವಾರ ಹನಿ ಹಾಕಬೇಕು. ಒಂದು ಬಾಟಲಿ ದಿನಕ್ಕೆ ಇಷ್ಟು ಸಲ, ಇನ್ನೊಂದು ಅಷ್ಟು ಸಲ, ವಾರ ವಾರ ಲೆಕ್ಕ ಬದಲು. ಚೀಟಿ ಇಂಗ್ಲಿಷಿನಲ್ಲಿ. ಇದನ್ನೆಲ್ಲ ನೆನಪಿಡುವವರು ಎಪ್ಪತ್ತು ದಾಟಿದ ಹೆಂಡತಿ, ಅವಳಿಗೂ ಚಾಳೀಸು.

ಆಯಿಯ ಸರದಿ

ಈಗ ನನಗೆ ಹೇಳಲು ಕಷ್ಟವಾಗುವ ಭಾಗ.

ಮುತ್ಯಾನ ಎಡವಟ್ಟುಗಳನ್ನು ಆಯಿ ಗಮನಿಸಿದಳು. ಆಯಿಯ ಎಡವಟ್ಟುಗಳನ್ನು ನಾವು ಯಾರೂ ಗಮನಿಸಲಿಲ್ಲ. ಅವಳು ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಿದ್ದಳು. ಕರುವಿನ ಹಗ್ಗಕ್ಕೆ ಕಾಲು ತಾಗಿಸಿ ಬೀಳುತ್ತಿದ್ದಳು. ಪಕ್ಕದಲ್ಲಿ ಬಂದು ಕೂತರೆ ಬೆಚ್ಚಿ ಬೀಳುತ್ತಿದ್ದಳು. ನಾವು "ಆಯಿಗೆ ಎಚ್ಚರ ಇಲ್ಲ, ವಯಸ್ಸಾಯ್ತು" ಅಂದುಕೊಂಡೆವು. ಯಾಕೆಂದರೆ ಅದೇ ಆಯಿ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕಲ್ಲು ಹೆಕ್ಕುತ್ತಿದ್ದಳು. ಒಂದು ಕಲ್ಲೂ ತಪ್ಪುತ್ತಿರಲಿಲ್ಲ. ಕಲ್ಲು ಕಾಣುವವಳಿಗೆ ಕಣ್ಣಿನ ತೊಂದರೆ ಎಲ್ಲಿಯದು?

ಕಾಚಬಿಂದಿನ ಮೋಸ ಇರುವುದೇ ಅಲ್ಲಿ. ಅದು ಪಕ್ಕದ ನೋಟವನ್ನು ಮೊದಲು ತಿನ್ನುತ್ತದೆ. ನಡುವಿನ ನೋಟ ಕೊನೆಯವರೆಗೆ ಚೆನ್ನಾಗಿರುತ್ತದೆ. ಮೊರದಲ್ಲಿನ ಕಲ್ಲು ಕಾಣುತ್ತದೆ, ಪಕ್ಕದ ಬಾಗಿಲು ಕಾಣುವುದಿಲ್ಲ. ಸಾಮಾನ್ಯವಾಗಿ ನೋವೂ ಇರುವುದಿಲ್ಲ. ಒಮ್ಮೆ ಒಂದು ತಪಾಸಣೆ ಶಿಬಿರಕ್ಕೆ ಕರೆದುಕೊಂಡು ಹೋದೆವು. ಬ್ಯಾಟರಿ ಬಿಟ್ಟು ನೋಡಿ "ಪೊರೆ ಇಲ್ಲ, ವಯಸ್ಸಿಗೆ ಹೀಗೇ" ಅಂದರು. ಕಣ್ಣಿನ ಒತ್ತಡ ಅಳೆಯಲಿಲ್ಲ. ನಾವೂ ಕೇಳಲಿಲ್ಲ, ಕೇಳಬೇಕು ಅಂತ ಗೊತ್ತಿರಲಿಲ್ಲ. ಎರಡು ವರ್ಷದ ನಂತರ ಹೈದರಾಬಾದಿನಲ್ಲಿ ತೋರಿಸಿದಾಗ ಒಂದು ಕಣ್ಣು ಪೂರ್ತಿ ಹೋಗಿತ್ತು. ಮೋತಿಬಿಂದಿನಲ್ಲಿ ಹೋದ ನೋಟ ಆಪರೇಷನ್ನಿನಿಂದ ಮರಳಿ ಬರುತ್ತದೆ. ಕಾಚಬಿಂದಿನಲ್ಲಿ ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬೇಕು, ಹನಿ ಹಾಕುತ್ತ, ಜೀವ ಇರುವವರೆಗೆ.

ಆಗ ಮುತ್ಯಾನಿಗೆ 78. ದಪ್ಪ ಗಾಜಿನ ಮುತ್ಯಾ ಹನಿ ಹಾಕುವ ಕೆಲಸ ಯಾರಿಗೂ ಬಿಟ್ಟುಕೊಡಲಿಲ್ಲ. ಬಾಟಲಿಯ ಅಕ್ಷರ ಅವನಿಗೆ ಕಾಣುತ್ತಿರಲಿಲ್ಲ, ಅದಕ್ಕೆ ಬೆಳಗಿನ ಬಾಟಲಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡ. ಹನಿ ಬಿತ್ತೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ, ಅದಕ್ಕೆ ಬಾಟಲಿಯನ್ನು ಡಬ್ಬಿಯಲ್ಲಿ ಹಾಕಿ ನೀರಿನ ಗಡಿಗೆಯ ಪಕ್ಕ ತಣ್ಣಗೆ ಇಡುತ್ತಿದ್ದ. ತಂಪು ಹನಿ ಬಿದ್ದರೆ ಆಯಿಗೆ ಗೊತ್ತಾಗುತ್ತದೆ. ಅವಳು ಅವನ ತೊಡೆಯ ಮೇಲೆ ತಲೆ ಇಟ್ಟು ಮಲಗುತ್ತಿದ್ದಳು. "ಬಿತ್ತಾ?" "ಬಿತ್ತ್ರಿ." ದಿನಾ ಬೆಳಿಗ್ಗೆ, ದಿನಾ ರಾತ್ರಿ ಇಷ್ಟೇ ಮಾತು. ಆರು ವರ್ಷ ನಡೆಯಿತು. ಇನ್ನೊಂದು ಕಣ್ಣು ಅವಳು ಸಾಯುವವರೆಗೂ ಉಳಿಯಿತು.

ಹೆಂಡತಿಯನ್ನು ಕರೆದುಕೊಂಡು ಹೋಗುವವರು

ನಮ್ಮ ಮನೆಯ ಕಥೆ ನಮ್ಮದೊಂದೇ ಮನೆಯದಲ್ಲ. ದೇಶದಲ್ಲಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 50 ದಾಟಿದವರ ಅಂಧತ್ವಕ್ಕೆ ಶೇ. 66.2ರಷ್ಟು ಕಾರಣ ಇನ್ನೂ ಮೋತಿಬಿಂದೇ ಎಂದು ಕಂಡುಬಂತು. ಸುಶ್ರುತನ ಕಾಲದಿಂದ ಚಿಕಿತ್ಸೆ ಇರುವ ಕಾಯಿಲೆ ಇದು. ಅಂಧತ್ವ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎಂಬುದನ್ನೂ ಸಮೀಕ್ಷೆಗಳು ಹೇಳಿವೆ. ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ ಎಂಬುದು ಒಂದು ಕಾರಣ. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರಿಲ್ಲ ಎಂಬುದು ಇನ್ನೊಂದು. ಗಂಡನಿಗೆ ಕಾಣದಿದ್ದರೆ ಹೊಲದ ಕೆಲಸ ನಿಲ್ಲುತ್ತದೆ, ಮನೆಗೆಲ್ಲ ಗೊತ್ತಾಗುತ್ತದೆ. ಹೆಂಡತಿಗೆ ಕಾಣದಿದ್ದರೆ ಅವಳು ಕೈ ಅಳತೆಯಲ್ಲೇ ರೊಟ್ಟಿ ಬಡಿಯುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ.

ಪುರಾಣದಲ್ಲಿ ಕಣ್ಣಿಲ್ಲದ ಮುದಿ ತಂದೆತಾಯಿಯನ್ನು ಶ್ರವಣಕುಮಾರ ಕಾವಡಿಯಲ್ಲಿ ಹೊತ್ತ. ನಮ್ಮ ಕಡೆಯ ಶ್ರವಣಕುಮಾರರು ಈಗ ಪುಣೆಯಲ್ಲಿದ್ದಾರೆ, ಮುಂಬೈಯಲ್ಲಿದ್ದಾರೆ, ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದಾರೆ. ಅವರದು ತಪ್ಪಲ್ಲ, ಹೊಟ್ಟೆಪಾಡು. ಊರಲ್ಲಿ ಉಳಿದವರು ಮುದುಕ ಮುದುಕಿ ಇಬ್ಬರೇ. ಗಾಂಧಾರಿ ಗಂಡನಿಗೆ ಕಣ್ಣಿಲ್ಲ ಅಂತ ತನ್ನ ಕಣ್ಣಿಗೂ ಪಟ್ಟಿ ಕಟ್ಟಿಕೊಂಡಳು. ಅದನ್ನು ಪತಿಭಕ್ತಿ ಅಂತ ಹೇಳುತ್ತಾರೆ. ನಮ್ಮ ಆಯಿಯಂಥವರು ಪಟ್ಟಿ ಕಟ್ಟಿಕೊಳ್ಳಲಿಲ್ಲ. ತಮ್ಮ ಕಣ್ಣಿನಿಂದ ಇಬ್ಬರಿಗೂ ನೋಡಿದರು.

ಇಲ್ಲಿಗೆ ಹತ್ತಿರದ ಕಲ್ಯಾಣದಲ್ಲಿ 12ನೇ ಶತಮಾನದ ಶರಣರ ನಡುವೆ ಗಂಡ ಹೆಂಡಿರ ಜೋಡಿ ಹೆಸರುಗಳೇ ಹೆಚ್ಚು ನೆನಪಿನಲ್ಲಿವೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ, ಹರಳಯ್ಯ ಮತ್ತು ಕಲ್ಯಾಣಮ್ಮ. ಕಾಯಕ ಇಬ್ಬರದೂ. ಕಣ್ಣಿನ ಹನಿ ಹಾಕುವುದೂ ಒಂದು ಕಾಯಕ, ಅದೂ ಇಬ್ಬರದೇ.

ನಿಮ್ಮ ಮನೆಯಲ್ಲಿ ನೋಡಿ

ಓದಿದ್ದರಲ್ಲಿ, ಡಾಕ್ಟರುಗಳಿಂದ ಕೇಳಿದ್ದರಲ್ಲಿ, ನಮ್ಮ ಮನೆಯಲ್ಲಿ ಕಲಿತದ್ದರಲ್ಲಿ ಉಪಯೋಗಕ್ಕೆ ಬರುವಷ್ಟನ್ನು ಕೆಳಗೆ ಬರೆದಿದ್ದೇನೆ.

ಕಣ್ಣು ಮಂಜಾಗುತ್ತಿದೆ ಅಂತ ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ. "ಲೈಟ್ ಮಂದ ಅದ" ಅನ್ನುತ್ತಾರೆ. ಸಂಜೆ ಮೇಲೆ ಹೊರಗೆ ಹೋಗುವುದು ಬಿಡುತ್ತಾರೆ. ಎದುರಿನ ಗಾಡಿಯ ಬೆಳಕಿಗೆ ಮುಖ ತಿರುಗಿಸುತ್ತಾರೆ. ಎಡವುವುದು, ಸುರಿಯುವುದು, ಬಾಗಿಲಿಗೆ ತಾಗುವುದು ಕಂಡರೆ ಬೈಯಬೇಡಿ, ತೋರಿಸಿ. 40 ದಾಟಿದವರು, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಕಾಚಬಿಂದು ಇದ್ದವರು, "ಕಣ್ಣಿನ ಒತ್ತಡ ನೋಡಿದಿರಾ? ಒಳಗಿನ ನರ ನೋಡಿದಿರಾ?" ಅಂತ ಬಾಯಿಬಿಟ್ಟು ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆ ತೋರಿಸಿ.

ಕಣ್ಣು ಒಮ್ಮೆಲೆ ಕೆಂಪಾಗಿ ಜೋರಾಗಿ ನೋವು ಬಂದರೆ, ದೀಪದ ಸುತ್ತ ಬಣ್ಣದ ಉಂಗುರ ಕಂಡು ವಾಂತಿಯಾದರೆ, ಕಣ್ಣೆದುರು ಮಿಂಚು ಹೊಡೆದು ಪರದೆ ಇಳಿದಂತೆ ಆದರೆ ನಾಳೆ ಅನ್ನಬೇಡಿ, ಅದೇ ದಿನ ಹೋಗಿ. ಮೋತಿಬಿಂದು ಆಪರೇಷನ್ ಆಗಿ ಕೆಲವು ತಿಂಗಳು ಅಥವಾ ವರ್ಷದ ಮೇಲೆ ಮತ್ತೆ ಮಂಜಾದರೆ ಹೆದರಬೇಡಿ. ಎಷ್ಟೋ ಸಲ ಲೆನ್ಸಿನ ಹಿಂದಿನ ಪದರ ಮಬ್ಬಾಗಿರುತ್ತದೆ, ಲೇಸರಿನಿಂದ ಸರಿಯಾಗುತ್ತದೆ. ಕಾರಣ ಅದೇ ಹೌದೋ ಅಲ್ಲವೋ ಡಾಕ್ಟರೇ ಹೇಳಬೇಕು.

ಹನಿ ಹಾಕುವಾಗ ಒಂದೇ ಹನಿ ಸಾಕು. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಎರಡು ಔಷಧ ಇದ್ದರೆ ನಡುವೆ ಐದು ನಿಮಿಷ ಬಿಡಿ. ತಣ್ಣಗೆ ಇಡಬಹುದೇ ಅಂತ ಔಷಧಿ ಅಂಗಡಿಯಲ್ಲಿ ಕೇಳಿಕೊಳ್ಳಿ. ಮುತ್ಯಾನ ರಬ್ಬರ್ ಬ್ಯಾಂಡ್ ಉಪಾಯಕ್ಕೆ ಯಾರ ಅಪ್ಪಣೆಯೂ ಬೇಡ.

ಮನೆಯಲ್ಲಿ ಮೆಟ್ಟಿಲ ಅಂಚಿಗೆ, ಹೊಸ್ತಿಲಿಗೆ ಬೇರೆ ಬಣ್ಣ ಬಳಿಯಿರಿ. ಬಿಳಿ ಅನ್ನ ಬಿಳಿ ತಟ್ಟೆಯಲ್ಲಿ ಕಾಣುವುದಿಲ್ಲ, ಬಣ್ಣದ ತಟ್ಟೆ ಕೊಡಿ. ಬಲ್ಬು ಮುಖಕ್ಕೆ ಹೊಡೆಯದೆ ಹಿಂದಿನಿಂದ ಕೈ ಮೇಲೆ ಬೀಳಲಿ. ಸಾಮಾನು ಜಾಗ ಬದಲಿಸಿದರೆ ಹೇಳಿ ಬದಲಿಸಿ. ನೋಟು ಗುರುತು ಸಿಗದವರಿಗಾಗಿ ರಿಸರ್ವ್ ಬ್ಯಾಂಕ್ 2020ರಲ್ಲಿ 'ಮನಿ' ಎಂಬ ಆ್ಯಪ್ ತಂದಿದೆ. ಫೋನನ್ನು ನೋಟಿನ ಮುಂದೆ ಹಿಡಿದರೆ ಎಷ್ಟರ ನೋಟು ಅಂತ ಹೇಳುತ್ತದೆ. ಇದನ್ನು ಓದುತ್ತಿರುವ ನಿಮ್ಮ ಕೈಯಲ್ಲೇ ಫೋನಿದೆ, ಹಿರಿಯರಿಗೆ ಹಾಕಿಕೊಡಿ.

ಇನ್ನೊಂದು ಮಾತು. ಗಂಡನ ಕಣ್ಣು ತೋರಿಸಲು ಹೆಂಡತಿ ಜೊತೆಗೆ ಹೋದ ದಿನ, ಅವಳ ಕಣ್ಣಿಗೂ ಒಂದು ಚೀಟಿ ಮಾಡಿಸಿ. ಬಸ್ ಖರ್ಚು ಹೇಗೂ ಆಗಿರುತ್ತದೆ. ನಮ್ಮ ಆಯಿ ಮುತ್ಯಾನ ಜೊತೆ ಅದೆಷ್ಟು ಸಲ ಕಣ್ಣಿನ ಡಾಕ್ಟರ ಬಾಗಿಲಲ್ಲಿ ಕೂತಿದ್ದಳೋ ಲೆಕ್ಕವಿಲ್ಲ. ಒಂದು ಸಲವೂ ಯಾರೂ ಅವಳನ್ನು ಒಳಗೆ ಕರೆಯಲಿಲ್ಲ. ನಾವೂ ಕರೆಯಲಿಲ್ಲ.

ನಿಮ್ಮ ಮನೆಯಲ್ಲಿ ಹಳೆಯ ಶಿಬಿರಕ್ಕೆ ಹೋಗಿ ಬಂದವರು, ಜೊತೆಗೆ ಹೋಗಿ ಪಕ್ಕದಲ್ಲಿ ಕೂತವರು ಇದ್ದರೆ ಇವತ್ತೇ ಕೇಳಿ. ಯಾವ ಊರಲ್ಲಿ, ಎಷ್ಟು ದಿನ, ಏನು ಉಂಡರು, ರಾತ್ರಿ ಹೇಗೆ ಕಳೆದರು. ಕೇಳಿ ಬರೆದಿಡಿ.